ಮಿರಜಿನ ಗಾಡಿಯಲ್ಲಿ ಬಳ್ಳೊಳ್ಳಿ ನಾತ

ಆ ವಾರ ಗ್ಯಾಸಿನ ಟ್ರಕ್ಕು ಒಂದು ದಿನವೂ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಮ್ಮ ರಾಯಬಾಗ, ಚಿಕ್ಕೋಡಿ ಕಡೆಯ ರಸ್ತೆಗಳು ರಸ್ತೆಗಳಾಗಿ ಉಳಿಯುವುದಿಲ್ಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ದೊಡ್ಡ ದನಿಯಲ್ಲಿ ಹಾಡು ಹಚ್ಚಿಕೊಂಡು ನಡುರಸ್ತೆಯಲ್ಲೇ ತೆವಳುತ್ತವೆ. ಹಿಂದಿನಿಂದ ಹಾರ್ನು ಹೊಡೆದರೆ ಅವರಿಗೆ ಕೇಳುವುದಿಲ್ಲ, ಕೇಳಿದರೂ ಸರಿಯಲು ಜಾಗವಿರುವುದಿಲ್ಲ. ನಮ್ಮ ಟ್ರಕ್ಕು ಅವುಗಳ ಹಿಂದೆ ಎಲ್ಲೋ ಸಿಕ್ಕಿಕೊಂಡಿರುತ್ತದೆ, ನಾನು ಹಾರೂಗೇರಿಯ ಹೊರಗಿನ ಸಿಎನ್‌ಜಿ ಬಂಕಿನಲ್ಲಿ ನಿಂತು ಎಲ್ಲರ ಬೈಗುಳ ತಿನ್ನುತ್ತಿರುತ್ತೇನೆ.

ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ನಮ್ಮ ಬಂಕಿಗೆ ಇನ್ನೂ ಪೈಪ್‌ಲೈನ್ ಬಂದಿಲ್ಲ. ಗ್ಯಾಸು ದೂರದ ದೊಡ್ಡ ಸ್ಟೇಷನ್ನಿನಿಂದ ಟ್ರಕ್ಕಿನ ಮೇಲೆ, ಸಾಲಾಗಿ ಜೋಡಿಸಿದ ಉದ್ದುದ್ದ ಸಿಲಿಂಡರುಗಳಲ್ಲಿ ಬರುತ್ತದೆ. ಟ್ರಕ್ಕು ತುಂಬಿದ್ದಾಗ ಗಾಡಿಗಳಿಗೆ ಇನ್ನೂರು ಬಾರ್ ಪ್ರೆಶರಿನಲ್ಲಿ ಗ್ಯಾಸು ಹೋಗುತ್ತದೆ. ಅದು ಖಾಲಿಯಾಗುತ್ತ ಬಂದಂತೆ ಪ್ರೆಶರ್ ಇಳಿದು, ಕೊನೆಯ ಗಾಡಿಗಳಿಗೆ ಅರ್ಧವೂ ತುಂಬುವುದಿಲ್ಲ. ಮುಂದೆ ನಿಂತವನಿಗೆ ಟಾಕಿ ಪೂರ್ತಿ, ಹಿಂದೆ ನಿಂತವನಿಗೆ ಬರೀ ಗಾಳಿ ಎಂದು ಜಗಳ. ಆ ಜಗಳದಲ್ಲಿ ನನಗೆ ಪಾಲಿಲ್ಲ, ಆದರೂ ಅದು ನನ್ನ ಮೇಲೆಯೇ ಬಂದು ಬೀಳುತ್ತದೆ. ಗ್ಯಾಸು ಹಾಕುವುದು, ಹಾಕಿಸುವುದು, ಪಕ್ಕದ ಶೆಡ್ಡಿನಲ್ಲಿ ಗಾಡಿಗಳ ಗ್ಯಾಸ್ ಕಿಟ್ ಸರ್ವಿಸು ಮಾಡುವುದು ಎಲ್ಲವೂ ನನ್ನ ತಲೆಗೇ ಕಟ್ಟಿದ ಕೆಲಸ. ಬಂಕಿನ ಚಾಲಕರೆಲ್ಲ ನನ್ನನ್ನು ಕಾಕಾ ಎಂದೇ ಕರೆಯುತ್ತಾರೆ, ಬೈಯುವಾಗಲೂ.

ಆ ದಿನ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಗಾಡಿಗಳ ಪಾಳಿ ಸಾಲುಗಟ್ಟಿ ರಸ್ತೆಯ ತಿರುವಿನ ತನಕ ಬೆಳೆದಿತ್ತು. ಬಂಕಿನಲ್ಲೇ ನಿಂತಿದ್ದ ಹಳೆಯ ಟ್ರಕ್ಕಿನಲ್ಲಿ ಉಳಿದ ಗ್ಯಾಸು ನೋಡಿದೆ. ಪ್ರೆಶರ್ ನೂರಾ ಇಪ್ಪತ್ತರ ಹತ್ತಿರ ಕೂತಿತ್ತು. ಹೊಸ ಟ್ರಕ್ಕಿನ ಚಾಲಕನಿಗೆ ಫೋನು ಹಚ್ಚಿದರೆ, ಮುಂದೆ ಕಬ್ಬಿನ ಟ್ರೇಲರ್ ಪಲ್ಟಿಯಾಗಿ ರಸ್ತೆ ಬಂದ್ ಆಗಿದೆ, ತಾನು ಚಹಾ ಕುಡಿಯುತ್ತಿದ್ದೇನೆ ಎಂದ. ಅವನ ದನಿಯಲ್ಲಿದ್ದ ನೆಮ್ಮದಿ ಕೇಳಿಯೇ ನನಗೆ ಅರ್ಧ ಸುಸ್ತಾಯಿತು.

ಇಷ್ಟೆಲ್ಲ ಜಗಳದ ನಡುವೆಯೂ ನಮ್ಮ ಪಾಳಿಯಲ್ಲಿ ಒಂದು ರಿವಾಜು ಇತ್ತು. ಅದನ್ನು ನಾನು ಮಾಡಿದ್ದಲ್ಲ, ಚಾಲಕರೇ ಮಾಡಿಕೊಂಡದ್ದು. ಹಾರೂಗೇರಿ ಸುತ್ತಲಿನ ನಾಲ್ಕು ಜನರನ್ನು ಮಿರಜಿಗೆ ಡಯಾಲಿಸಿಸ್‌ಗೆ ಒಯ್ಯುವ ಒಂದು ವ್ಯಾನು ಇತ್ತು. ಅದು ಬಂದರೆ ಯಾರೂ ತಕರಾರು ಮಾಡದೆ ಮುಂದೆ ಬಿಡುತ್ತಿದ್ದರು. ಕಿಡ್ನಿ ಕೈಕೊಟ್ಟವರಿಗೆ ವಾರಕ್ಕೆ ಎರಡು ಸಲ ರಕ್ತ ತೊಳೆಯಬೇಕು, ಆಸ್ಪತ್ರೆಯಲ್ಲಿ ಅವರ ಹೊತ್ತು ತಪ್ಪಿದರೆ ಮಷೀನು ಬೇರೆಯವರಿಗೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ನಮ್ಮ ಕಡೆ ಯಾರ ಮನೆಯ ದೊಡ್ಡ ಬೇನೆಯಾದರೂ ಮಿರಜಿನ ಹಾದಿ ಹಿಡಿಯದೆ ಇರುವುದಿಲ್ಲ.

ಆ ದಿನವೂ ವ್ಯಾನು ಮುಂದೆ ಬಂತು. ಚಾಲಕ ಮೂವತ್ತರ ಆಸುಪಾಸಿನವನು, ಬಾಯಲ್ಲಿ ಯಾವಾಗಲೂ ತಂಬಾಕು. ನಾನು ಎಂದಿನಂತೆ ಎಂಜಿನ್ ಬಂದ್ ಮಾಡಿಸಿ, ಎಲ್ಲರನ್ನೂ ಕೆಳಗಿಳಿಸಲು ಹೇಳುತ್ತ ಕಿಟಕಿಯ ಹತ್ತಿರ ಹೋದೆ. ಸ್ಟೇರಿಂಗಿನ ಮುಂದೆ, ಗಣಪನ ಪಕ್ಕದಲ್ಲಿ, ಎರಡು ಊದಿನಕಡ್ಡಿ ಹೊಗೆಯಾಡುತ್ತಿದ್ದವು.

ಗ್ಯಾಸ್ ಬಂಕಿನ ಒಳಗೆ ಉರಿಯುವ ಊದಿನಕಡ್ಡಿ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕಿಟಕಿಯೊಳಗೆ ಕೈ ಹಾಕಿ ಕಡ್ಡಿಗಳನ್ನು ಕಿತ್ತು, ನೀರಿನ ಬಕೆಟ್ಟಿನಲ್ಲಿ ಅದ್ದಿ, ಬಾಯಿಗೆ ಬಂದದ್ದು ಬೈದೆ. ಅಮಾವಾಸ್ಯೆಯ ಪೂಜೆ ಮನೆಯಲ್ಲಿ ಮುಗಿಸಿ ಬರಬೇಕೆಂದು ಎಷ್ಟು ಸಲ ಹೇಳಬೇಕು, ನಿನ್ನ ಜೊತೆ ಇಡೀ ಪಾಳಿಯನ್ನು ಸುಡುತ್ತೀಯಾ ಎಂದೆ. ಅವನು ಬೈಸಿಕೊಂಡು ಮುಗಿಯುವ ತನಕ ತಡೆದು, ಹೊರಗೆ ಉಗುಳಿ ಬಂದು ಹೇಳಿದ:

"ಪೂಜಾ ಅಲ್ಲ ಕಾಕಾ. ಗಾಡ್ಯಾಗ ಬಳ್ಳೊಳ್ಳಿ ನಾತ ಐತಿ ಅಂತ ಆಯಿ ದಿನಾ ಗಂಟ ಬೀಳತಾಳ. ಅದಕ್ಕ ಹಚ್ಚೇನಿ."

ನಮ್ಮ ಕಡೆ ಅಜ್ಜಿಯನ್ನು ಆಯಿ ಎನ್ನುತ್ತೇವೆ, ಬೆಳ್ಳುಳ್ಳಿಯನ್ನು ಬಳ್ಳೊಳ್ಳಿ. ಈ ಆಯಿ ಜೈನರ ಮನೆಯವಳು, ತೋಟ ತುಡಿಕೆ ಇದ್ದ ದೊಡ್ಡ ಮನೆತನ. ಹುಟ್ಟಿದಾಗಿನಿಂದ ಬಳ್ಳೊಳ್ಳಿ, ಉಳ್ಳಾಗಡ್ಡಿ ಮುಟ್ಟಿದವಳಲ್ಲ. ಮೊದಲು ಅವಳು ಮೂಗಿಗೆ ಸೆರಗು ಹಿಡಿದಳಂತೆ. ಆಮೇಲೆ ಯಾರು ಬಳ್ಳೊಳ್ಳಿ ಚಟ್ನಿ ತಿಂದು ಬರುತ್ತೀರಿ ಎಂದು ಕೇಳಿದಳಂತೆ. ಉಳಿದ ಇಬ್ಬರು ಗಂಡಸರೂ ಮೂಸಿ ನೋಡಿ, ಹೌದು, ಸ್ವಲ್ಪ ಹಂಗೇ ಬರುತ್ತದೆ ಎಂದರು. ಉಳಿದವಳು ಒಬ್ಬಳೇ. ಹೊಲಮನೆ ಮಾಡುವ, ನಲವತ್ತರ ಒಳಗಿನ ಒಬ್ಬ ಹೆಣ್ಣುಮಗಳು. ರೊಟ್ಟಿ, ಬಳ್ಳೊಳ್ಳಿ ಖಾರ ತಿನ್ನುವ ಮನೆಯವಳು. ಅವಳು ಆಣೆ ಮಾಡಿ ಇಲ್ಲ ಎಂದಳು. ಚಾಲಕನಿಗೆ ನಾಲ್ವರೂ ಬೇಕು. ಅವನು ಒಂದು ತೀರ್ಮಾನ ಮಾಡಿ, ನಡುವಿನ ಸೀಟಿನಲ್ಲಿ ಆಯಿಯ ಪಕ್ಕ ಕೂಡುತ್ತಿದ್ದ ಅವಳನ್ನು ಎಲ್ಲಕ್ಕಿಂತ ಹಿಂದಿನ ಸೀಟಿಗೆ ಕಳಿಸಿದ.

"ಆದ್ರೂ ನಾತ ಹೋಗವಲ್ದು," ಅಂದ ಅವನು. "ಆ ಅಕ್ಕ ಹ್ವಾದ ಸಲ ಬರಲೇ ಇಲ್ಲ. ಆವತ್ತೂ ನಾತ ಬಂತು, ಸೀಟಿಗೆ ಹತ್ತೇತಿ ಅಂದ್ರು. ಇವತ್ತೂ ಒಲ್ಲೆ ಅಂದ್ಲು. ಕೈಕಾಲ ಹಿಡದ ಕರಕೊಂಡ ಬಂದೇನಿ."

ನಾನು ಅವನ ಮಾತು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ನನ್ನ ತಲೆ ಬಳ್ಳೊಳ್ಳಿಯ ಹತ್ತಿರವೇ ನಿಂತುಬಿಟ್ಟಿತ್ತು. ಈ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ಜನರಿಗೆ ಗೊತ್ತಾಗಲಿ ಎಂದೇ ಅದರಲ್ಲಿ ಒಂದು ಕೆಟ್ಟ ವಾಸನೆ ಬೆರೆಸುತ್ತಾರೆ. ಕೆಲವರಿಗೆ ಅದು ಕೊಳೆತ ಕೋಬಿಯ, ಅಂದರೆ ಎಲೆಕೋಸಿನ ಹಾಗೆ, ಕೆಲವರಿಗೆ ಬಳ್ಳೊಳ್ಳಿಯ ಹಾಗೆ. ನನ್ನ ಮೂಗಿಗೆ ಅದು ಹತ್ತುವುದನ್ನು ಬಿಟ್ಟು ಬಹಳ ಕಾಲವಾಯಿತು. ದಿನವಿಡೀ ಅದರಲ್ಲೇ ನಿಂತವನಿಗೆ ಮೂಗು ಇದ್ದೂ ಇಲ್ಲದ ಹಾಗೆ.

ಗ್ಯಾಸು ಹಾಕದೆ, ವ್ಯಾನನ್ನು ಕೈಯಿಂದ ನೂಕಿಸಿ ಪಕ್ಕಕ್ಕೆ ತೆಗೆಸಿದೆ. ನಾಲ್ವರನ್ನೂ ಇಳಿಸಿ ಶೆಡ್ಡಿನ ನೆರಳಲ್ಲಿ ಕೂರಿಸಿದೆ. ಹಿಂದಿನ ಬಾಗಿಲು ಎತ್ತಿದರೆ ಕೊನೆಯ ಸೀಟಿನ ಬೆನ್ನಿಗೇ ಸಿಲಿಂಡರು. ಸೋರಿಕೆ ಹಿಡಿಯುವ ಯಂತ್ರ ತಪಾಸಣೆಗೆಂದು ಹೋಗಿ ಇನ್ನೂ ತಿರುಗಿ ಬಂದಿರಲಿಲ್ಲ. ಉಳಿದದ್ದು ಸಾಬೂನಿನ ನೀರು ಮತ್ತು ಬ್ರಶ್ಶು. ಸಿಲಿಂಡರಿನ ಕತ್ತಿನಲ್ಲಿರುವ ವಾಲ್ವಿಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹೊದಿಸಿರುತ್ತಾರೆ, ಅದನ್ನು ಬಿಚ್ಚಿ ವಾಲ್ವಿನ ಸುತ್ತ ನೊರೆ ಹಚ್ಚಿದೆ. ಪೈಪಿನ ಒಂದೊಂದು ಜೋಡಣೆಗೂ ಹಚ್ಚಿದೆ. ಮುಂದೆ ಎಂಜಿನ್ ಹತ್ತಿರದ ರೆಗ್ಯುಲೇಟರಿಗೂ, ಗ್ಯಾಸು ತುಂಬುವ ಬಾಯಿಗೂ ಹಚ್ಚಿದೆ. ಎಲ್ಲಿಯೂ ಒಂದು ಗುಳ್ಳೆ ಏಳಲಿಲ್ಲ. ಪಾಳಿಯವರು ಹಾರ್ನು ಶುರುಮಾಡಿದರು.

ಗುಳ್ಳೆ ಏಳದಿರುವುದಕ್ಕೆ ಕಾರಣ ಇರಬಹುದು ಅನ್ನಿಸಿತು. ಗಾಡಿ ಬಂದದ್ದೇ ಖಾಲಿಯಾಗಿ. ಪ್ರೆಶರ್ ಇಲ್ಲದಾಗ ಸಣ್ಣ ಸೋರಿಕೆ ಬಾಯಿ ಮುಚ್ಚಿಕೊಂಡು ಕೂಡುತ್ತದೆ. ನಾನು ಆಯಿಯ ಮುಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂತು, ನಾತ ಯಾವಾಗ ಬರುತ್ತದೆ ಎಂದು ಕೇಳಿದೆ. ಅವಳ ಕಾಲು ಬಾತುಕೊಂಡಿದ್ದವು, ಮಾತಿನ ನಡುವೆ ಉಸಿರು ತೆಗೆದುಕೊಳ್ಳುತ್ತಿದ್ದಳು. ಯಾರೋ ಕೊನೆಗೂ ಕೇಳಿದರಲ್ಲ ಎಂಬಂತೆ ನೇರವಾಗಿ ಕೂತು ಹೇಳಿದಳು.

"ಇಲ್ಲಿ ಗ್ಯಾಸ್ ಹಾಕಿಸಿಕೊಂಡ ಹೊಂಟ್ವಿ ಅಂದ್ರ ಬರತೈತಪಾ. ಕುಡಚಿ ಹೊಳಿ ದಾಟೂತನಾ ತಡಿಯಾಕ ಆಗೂದಿಲ್ಲ. ಕಾಗವಾಡ ಬರೂದ್ರಾಗ ಕಡಿಮಿ ಆಗತೈತಿ. ಹೊಳ್ಳಿ ಬರಾಗ ಇರೂದ ಇಲ್ಲ."

ಇದಕ್ಕಿಂತ ಸ್ಪಷ್ಟವಾಗಿ ಯಾವ ಯಂತ್ರವೂ ನನಗೆ ಹೇಳುತ್ತಿರಲಿಲ್ಲ. ಟಾಕಿ ತುಂಬಿದಾಗ ಸೋರುತ್ತದೆ, ಗ್ಯಾಸು ಉರಿದು ಪ್ರೆಶರ್ ಇಳಿದಂತೆ ನಿಲ್ಲುತ್ತದೆ. ಬಳ್ಳೊಳ್ಳಿ ತಿಂದವರ ಬಾಯಿ ಕಾಗವಾಡಕ್ಕೆ ಬಂದ ಕೂಡಲೇ ಶುದ್ಧವಾಗುವುದಿಲ್ಲ. ಆದರೆ ಇದು ನನ್ನ ತರ್ಕ ಅಷ್ಟೇ, ಕಣ್ಣಿಗೆ ಕಂಡದ್ದು ಏನೂ ಇರಲಿಲ್ಲ.

ಚಾಲಕ ಬುದ್ಧಿವಂತ. ನನ್ನ ಮುಖ ನೋಡಿಯೇ ವಿಷಯ ಹಿಡಿದ. ಇವತ್ತು ನಿಮ್ಮಲ್ಲಿ ಪ್ರೆಶರೇ ಇಲ್ಲ, ಅರ್ಧ ಟಾಕಿ ಹಾಕಿರಿ, ಅರ್ಧಕ್ಕೆ ಸೋರುವುದಿಲ್ಲವಲ್ಲ, ಹೋಗಿ ಬಂದುಬಿಡುತ್ತೇನೆ, ಆಮೇಲೆ ಗಾಡಿ ನಿಮ್ಮ ಕೈಗೆ ಎಂದ. ಅವನ ಮಾತು ಸುಳ್ಳಾಗಿರಲಿಲ್ಲ. ನಾಲ್ವರೂ ನನ್ನನ್ನೇ ನೋಡುತ್ತಿದ್ದರು, ಆಸ್ಪತ್ರೆಯ ಹೊತ್ತು ಓಡುತ್ತಿತ್ತು. ಹೂಂ ಅಂದುಬಿಟ್ಟರೆ ನನ್ನ ಬೆಳಗು ಹಗುರಾಗುತ್ತಿತ್ತು. ಒಂದು ಗಳಿಗೆ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಎಲ್ಲಿ ಸೋರುತ್ತದೆಂದು ಗೊತ್ತಿಲ್ಲದ ಗಾಡಿಯಲ್ಲಿ, ಎಷ್ಟಕ್ಕೆ ಸೋರುತ್ತದೆಂದು ಊಹೆ ಮಾಡಿ, ನಾಲ್ಕು ಜನರನ್ನು ಕೂರಿಸಿ ಕಳಿಸುವುದು ನನ್ನಿಂದಾಗಲಿಲ್ಲ. ಸಿಲಿಂಡರಿನ ವಾಲ್ವನ್ನು ಕೈಯಿಂದ ತಿರುವಿ ಬಂದ್ ಮಾಡಿದೆ. ಪೆಟ್ರೋಲಿನ ಮೇಲೆ ಹೋಗು ಎಂದೆ. ಅದೂ ಆಗುವಂತಿರಲಿಲ್ಲ. ಗ್ಯಾಸಿನ ಗಾಡಿಯವರ ಚಟವೇ ಅದು, ಪೆಟ್ರೋಲ್ ಟಾಕಿಯನ್ನು ಒಣಗಿಸಿ ಇಟ್ಟು, ಒಳಗಿನ ಪಂಪು ಸುಟ್ಟುಕೊಳ್ಳುವುದು. ಇವನದೂ ಸುಟ್ಟು ಎಷ್ಟೋ ದಿನವಾಗಿತ್ತು.

ಪಾಳಿಯಲ್ಲಿ ಶಾಲೆಯ ಮಕ್ಕಳನ್ನು ಬಿಟ್ಟು ಬಂದ ಒಂದು ವ್ಯಾನು ಬಹಳ ಹಿಂದೆ ನಿಂತಿತ್ತು. ಅದರ ಚಾಲಕ ವಯಸ್ಸಾದವ, ರಾಯಬಾಗದವ. ಮಿರಜಿಗೆ ಹೋಗಿ ಬರುತ್ತೀರಾ ಎಂದೆ. ಗ್ಯಾಸು ಕೊಟ್ಟರೆ ಹೋಗುತ್ತೇನೆ ಎಂದ. ಬೆಳಗಿನಿಂದ ಹಾಕುತ್ತ ಬಂದು ಉಳಿದಿದ್ದ ಗ್ಯಾಸು ಸರಿಯಾಗಿ ಒಂದು ಗಾಡಿಗೆ ಮಿರಜಿನ ತನಕ ಹೋಗಿ ಬರುವಷ್ಟು. ಅವನಿಗೆ ಹಾಕಿದರೆ ಉಳಿದವರಿಗೆ ಟ್ರಕ್ಕು ಬರುವ ತನಕ ಏನೂ ಇಲ್ಲ.

ಅದನ್ನು ಹೇಳಿದ್ದೇ ತಡ, ಎಲ್ಲರೂ ನನ್ನ ಸುತ್ತ ಸೇರಿದರು. ನಾವು ದಾರಿ ಬಿಡುವುದು ಡಯಾಲಿಸಿಸ್ ಗಾಡಿಗೆ, ಶಾಲೆಯ ಗಾಡಿಗೆ ಯಾಕೆ ಬಿಡಬೇಕು ಎಂದು ಒಬ್ಬ ಕೇಳಿದ. ಪಾಳಿಯಲ್ಲಿ ಮೊದಲು ನಿಂತಿದ್ದವನು ಐಗಳಿಯ ದ್ರಾಕ್ಷಿ ತುಂಬಿಕೊಂಡ ಛೋಟಾ ಹಾಥಿ ಎಂಬ ಸಣ್ಣ ಸರಕು ಗಾಡಿಯವ, ಅವನ ಹಣ್ಣು ಬಿಸಿಲಿಗೆ ಬಾಡುತ್ತಿತ್ತು. ಅವನು ಅತಿ ಹೆಚ್ಚು ಕೂಗಾಡಿದ. ನಾನೂ ಕೂಗಾಡಿದೆ. ಕೊನೆಗೆ ಅವನೇ ಶೆಡ್ಡಿನ ಕಡೆ ಒಮ್ಮೆ ನೋಡಿ, ಆಯಿಯ ಕಾಲು ನೋಡಿ, ಹಾಕಿರಿ ಅವರಿಗೆ ಎಂದು ಹೇಳಿ ಚಹಾದಂಗಡಿಗೆ ಹೋದ. ಅವನು ಹೋದ ಮೇಲೆ ಉಳಿದವರ ದನಿ ತಾನಾಗಿ ಇಳಿಯಿತು.

ಇಷ್ಟಾದರೂ ಅಸಲು ಅಡ್ಡಿ ಬಂದದ್ದು ಆಮೇಲೆ. ಮೂವರು ಹತ್ತಿದರು. ಆ ಹೆಣ್ಣುಮಗಳು ಹತ್ತಲಿಲ್ಲ. ಕೈಚೀಲ ಹಿಡಿದು ದೂರ ನಿಂತಿದ್ದಳು. ಹತ್ತಿರ ಹೋದರೆ ಎರಡು ಹೆಜ್ಜೆ ಹಿಂದೆ ಸರಿದಳು. ನನ್ನಿಂದಲೂ ದೂರ ನಿಲ್ಲಲು ಯತ್ನಿಸುತ್ತಿದ್ದಾಳೆಂದು ಆಗ ತಿಳಿಯಿತು.

"ನಾ ಬಸ್ಸಿಗೆ ಮನಿಗಿ ಹೋಗ್ತೀನ್ರಿ," ಎಂದಳು. "ಹೊಸಾ ಗಾಡಿಗೆ ನನ್ನ ನಾತ ಯಾಕ?"

ಬಳ್ಳೊಳ್ಳಿ ತಿಂದಿಲ್ಲ ಎನ್ನುತ್ತೀರಲ್ಲ ಎಂದೆ. ತಿಂದಿಲ್ಲ, ಮನೆಯಲ್ಲಿ ಒಗ್ಗರಣೆಗೂ ಹಾಕುವುದನ್ನು ಬಿಡಿಸಿದ್ದೇನೆ ಎಂದಳು. ಹೊರಡುವ ದಿನ ಎರಡೆರಡು ಸಲ ಮೈ ತೊಳೆದುಕೊಂಡು, ಬಾಯಲ್ಲಿ ಲವಂಗ ಇಟ್ಟುಕೊಂಡು ಬರುತ್ತಾಳಂತೆ. ಆದರೂ ಎಲ್ಲರೂ ನಾತ ಎನ್ನುತ್ತಾರೆ. ಈ ರೋಗದವರ ಬಾಯಿ, ಮೈ ನಾರುತ್ತದೆ ಎಂದು ಆಸ್ಪತ್ರೆಯಲ್ಲಿ ಯಾರೋ ಮಾತಾಡಿದ್ದನ್ನು ಕೇಳಿದ್ದಳು. ಹಾಗಾದರೆ ಇದು ತನ್ನದೇ. ತನಗೆ ಮಾತ್ರ ಗೊತ್ತಾಗುತ್ತಿಲ್ಲ, ಏಕೆಂದರೆ ತನ್ನ ಮೂಗು ಹೋಗಿದೆ. ಮದುವೆಗೆ ಮುಂಚೆ ಮತ್ತು ಆಮೇಲೆಯೂ ಕೆಲವು ವರ್ಷ ನಿಪ್ಪಾಣಿಯಲ್ಲಿ ತಂಬಾಕು ಆರಿಸುವ ಕೆಲಸ ಮಾಡಿದವಳು. ಆ ಘಾಟಿನಲ್ಲಿ ಕೂತು ಕೂತು ಹೂವಿನ ವಾಸನೆಯೂ ಈಗ ಹತ್ತುವುದಿಲ್ಲವಂತೆ.

"ನಾಲ್ಕ ಮಂದಿ ಮೂಗ ಮುಚ್ಚಿಕೊಂಡ ಕೂಡೂ ಹಂಗ ಬದುಕೂದ ಬ್ಯಾಡಾಗೇತ್ರಿ. ಇನ್ನ ನಾ ಹೋಗೂದಿಲ್ಲ."

ಮಿರಜಿಗೆ ಹೋಗುವುದನ್ನು ಬಿಟ್ಟರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಹೇಳುವ ಅವಶ್ಯಕತೆ ಇಬ್ಬರಿಗೂ ಇರಲಿಲ್ಲ. ನಾತ ಗ್ಯಾಸಿನದು ಇರಬೇಕು ಎಂದೆ. ಅವಳು ನಂಬಲಿಲ್ಲ, ಸಮಾಧಾನಕ್ಕೆ ಹೇಳುತ್ತೀರಿ ಎಂದಳು. ಸಾಬೂನಿನ ನೀರು ಹಚ್ಚಿ ನೋಡಿದಿರಿ, ಏನೂ ಸಿಗಲಿಲ್ಲ, ನಾನೂ ನೋಡಿದೆನಲ್ಲ ಎಂದಳು. ಆಗ ನನ್ನ ಬಾಯಿಂದ ಬಂದ ಮಾತು ಯೋಚಿಸಿ ಆಡಿದ್ದಲ್ಲ.

"ಇದೊಂದ ಸಲ ಹೋಗಿ ಬರ್ರಿ ಅಕ್ಕಾ. ಸಂಜಿಗೆ ನಾ ಖರೆ ಏನಂತ ಹೇಳತೀನಿ. ಗಾಡ್ಯಾಗ ಏನೂ ಸಿಗಲಿಲ್ಲ ಅಂದ್ರ ಅದನ್ನೂ ಹೇಳತೀನಿ, ಮುಚ್ಚೂದಿಲ್ಲ."

ಅವಳು ಕೈಚೀಲವನ್ನು ಹೆಗಲಿಗೇರಿಸಿದಳು. ಕೊನೆಗೆ ಹೋಗಿ ಹತ್ತಿದಳು, ಯಾರೂ ಹೇಳದೆ ಹಿಂದಿನ ಸೀಟಿಗೇ. ಗಾಡಿ ತಿರುವು ದಾಟಿದ ಮೇಲೆ ನಾನು ಆಡಿದ ಮಾತಿನ ತೂಕ ತಿಳಿಯಿತು. ಸಂಜೆಗೆ ಏನೂ ಸಿಗದಿದ್ದರೆ ಆ ಮಾತನ್ನು ಅವಳಿಗೆ ಹೇಳಬೇಕಾದವನು ನಾನೇ.

ಟ್ರಕ್ಕು ಬಂದದ್ದು ಮಧ್ಯಾಹ್ನ ಇಳಿದ ಮೇಲೆ. ಹಳೆಯದನ್ನು ಬಿಚ್ಚಿ, ಹೊಸದರ ಕೊಳವೆ ಜೋಡಿಸಿ, ಜೋಡಣೆಗಳನ್ನು ಪರೀಕ್ಷಿಸಿ, ಪಾಳಿಯ ಗಾಡಿಗಳನ್ನು ಒಂದೊಂದಾಗಿ ಕಳಿಸುವಷ್ಟರಲ್ಲಿ ನನ್ನ ಕಾಲು ನೆಲ ಮುಟ್ಟುತ್ತಿವೆಯೋ ಇಲ್ಲವೋ ತಿಳಿಯದಂತಾಗಿತ್ತು. ಎಂಜಿನ್ ಬಂದ್, ಇಳಿಯಿರಿ, ಮೊಬೈಲು ಒಳಗಿಡಿ, ನಳಿಕೆ ಹಾಕು, ಹಿಡಿಕೆ ತಿರುವು, ಮುಳ್ಳು ನೋಡು, ಬಂದ್ ಮಾಡು, ತೆಗೆ. ಇನ್ನಷ್ಟು ಹಾಕಿರಿ ಕಾಕಾ ಎನ್ನುವವರಿಗೆ ಇಲ್ಲ ಎನ್ನು. ಊಟದ ಡಬ್ಬಿ ತೆರೆದಿರಲಿಲ್ಲ. ಡಯಾಲಿಸಿಸ್ ಗಾಡಿಯ ಚಾಲಕ ಬೇವಿನ ಗಿಡದ ಕೆಳಗೆ ಮುಖ ಊದಿಸಿಕೊಂಡು ಕೂತಿದ್ದ. ನನ್ನ ಹೊಟ್ಟೆಯ ಮೇಲೆ ಹೊಡೆದಿರಿ ಎಂದು ಒಮ್ಮೆ ಹೇಳಿದ್ದ. ಅವನ ಮಂದಿ ಬೇರೆಯವನ ಗಾಡಿ ಹತ್ತಿ ಹೋಗಿದ್ದರು, ಅದೇ ರೂಢಿಯಾದರೆ ಅವನ ಕಥೆ ಮುಗಿದಂತೆ. ಅವನ ಸಿಟ್ಟು ನನಗೆ ಅರ್ಥವಾಗುತ್ತಿತ್ತು.

ಪಾಳಿ ಕರಗಿದ ಮೇಲೆ ಕಂಪನಿಯ ಎಂಜಿನಿಯರಿಗೆ ಫೋನು ಮಾಡಿ ವಿಷಯ ಹೇಳಿದೆ. ಸೋರುವ ಗಾಡಿಗೆ ಗ್ಯಾಸು ಹಾಕಬಾರದು, ಆದರೆ ಪ್ರೆಶರ್ ಇಲ್ಲದೆ ಸೋರಿಕೆ ಸಿಗದು. ಬಂಕು ಖಾಲಿ ಮಾಡಿಸಿ, ಬೆಂಕಿ ಆರಿಸುವ ಸಿಲಿಂಡರು ಪಕ್ಕದಲ್ಲಿಟ್ಟುಕೊಂಡು, ಸ್ವಲ್ಪ ಸ್ವಲ್ಪವೇ ಏರಿಸಿ ನೋಡಿ ಎಂದ. ಎರಡೂ ಕಡೆ ಹಗ್ಗ ಕಟ್ಟಿ ಗಾಡಿಗಳನ್ನು ತಡೆದೆ. ವ್ಯಾನಿನ ಬ್ಯಾಟರಿಯ ತಂತಿ ಬಿಚ್ಚಿದೆ, ಬಾಗಿಲುಗಳನ್ನೆಲ್ಲ ತೆರೆದಿಟ್ಟೆ, ಬೆಳಿಗ್ಗೆ ಮುಚ್ಚಿದ ವಾಲ್ವನ್ನು ಮತ್ತೆ ತೆರೆದೆ. ಐವತ್ತಕ್ಕೆ ನಿಲ್ಲಿಸಿ ನೊರೆ ಹಚ್ಚಿದೆ, ಏನೂ ಇಲ್ಲ. ನೂರಕ್ಕೂ ಇಲ್ಲ. ನೂರಾ ಐವತ್ತಕ್ಕೆ ಬಂದಾಗ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಂದೊಂದು ಜೋಡಣೆಯನ್ನೂ ನೋಡಿದೆ. ಆಗಲೂ ಇಲ್ಲ. ಬ್ರಶ್ಶು ಕೆಳಗಿಟ್ಟು ನೆಲದ ಮೇಲೆ ಕೂತುಬಿಟ್ಟೆ. ನನ್ನ ತರ್ಕ ತಪ್ಪು, ಆ ಹೆಣ್ಣುಮಗಳು ಹೇಳಿದ್ದೇ ನಿಜ ಇರಬಹುದು ಅನ್ನಿಸಿ ಸಂಕಟವಾಯಿತು. ಸಂಜೆ ಅವಳಿಗೆ ಹೇಗೆ ಮುಖ ತೋರಿಸಲಿ ಎಂದು ಯೋಚಿಸುತ್ತಿದ್ದೆ.

ಆದರೂ ಆಯಿಯ ಲೆಕ್ಕ ತುಂಬಿದ ಟಾಕಿಯ ಲೆಕ್ಕ. ಎದ್ದು ಇನ್ನಷ್ಟು ಏರಿಸಿದೆ. ಮುಳ್ಳು ನೂರಾ ಎಪ್ಪತ್ತರ ಹತ್ತಿರ ಹೋದಾಗ, ವಾಲ್ವಿನ ಹಿಡಿಕೆಯ ಬುಡದಲ್ಲಿ, ಹಾಲು ಉಕ್ಕುವ ಮುಂಚೆ ಪಾತ್ರೆಯ ಅಂಚಿಗೆ ಏಳುವಂಥ ಸಣ್ಣ ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಏಳತೊಡಗಿದವು. ಒಳಗಿನ ರಬ್ಬರ್ ಉಂಗುರ ಸವೆದಿತ್ತು. ಸೋರಿಕೆ ಸಿಕ್ಕಾಗ ಇಷ್ಟು ಖುಷಿಯಾದದ್ದು ಅದೇ ಮೊದಲು.

ಗ್ಯಾಸನ್ನು ಕೊಳವೆ ಹಚ್ಚಿ ಎತ್ತರಕ್ಕೆ ಗಾಳಿಗೆ ಬಿಟ್ಟು ಪ್ರೆಶರ್ ಇಳಿಸುವಾಗ ಇನ್ನೊಂದು ವಿಷಯ ಕಾಡತೊಡಗಿತು. ವಾಲ್ವು ಸೋರಿದರೂ ಗ್ಯಾಸು ಗಾಡಿಯೊಳಗೆ ಬರಬಾರದು. ಆ ಪ್ಲಾಸ್ಟಿಕ್ ಚೀಲ ಇರುವುದೇ ಅದಕ್ಕೆ. ಸೋರಿದ್ದೆಲ್ಲ ಚೀಲದೊಳಗೆ ಸೇರಿ, ಅಲ್ಲಿಂದ ಒಂದು ದಪ್ಪ ಪೈಪಿನ ಮೂಲಕ ಗಾಡಿಯ ತಳಕ್ಕಿಳಿದು ಹೊರಗೆ ಹೋಗಬೇಕು. ನಾನು ಬೆನ್ನ ಮೇಲೆ ಮಲಗಿ ವ್ಯಾನಿನ ಕೆಳಗೆ ತೂರಿದೆ. ಪೈಪಿನ ಬಾಯಿಗೆ ಒಂದು ಬಟ್ಟೆ ತುರುಕಿ, ಮೇಲೆ ಸುತಳಿ ದಾರ ಬಿಗಿದಿದ್ದರು. ಬಟ್ಟೆ ಎಳೆದು ಬಿಚ್ಚಿದೆ. ಒಳಗೆ ಕರ್ಪೂರದ ಬಿಲ್ಲೆಗಳಿದ್ದವು.

ಚಾಲಕನನ್ನು ಕರೆದು ಕೈಯಲ್ಲಿಟ್ಟೆ. ಅವನು ಮುಚ್ಚಿಡಲಿಲ್ಲ. ಆಯಿ ನಾತ ಎಂದು ಹೇಳತೊಡಗಿದಾಗ ಗಾಡಿಯೆಲ್ಲ ಹುಡುಕಿದನಂತೆ. ಆ ಪೈಪಿನ ಬಾಯಲ್ಲಿ ವಾಸನೆ ಜೋರಾಗಿತ್ತು. ದಾರಿಯ ಗಟಾರದ ನಾತ ಈ ಪೈಪಿನಿಂದ ಮೇಲೆ ಬರುತ್ತದೆ ಎಂದುಕೊಂಡು, ಕರ್ಪೂರ ಸುತ್ತಿ ಬಂದ್ ಮಾಡಿದ್ದ. ಆಮೇಲೂ ನಾತ ಹೆಚ್ಚಿದಾಗ ತಪ್ಪು ಆ ಅಕ್ಕನ ಮೇಲೆ ಬಂತು. ಊದಿನಕಡ್ಡಿ ಬಂದದ್ದು ಎಲ್ಲಕ್ಕಿಂತ ಕೊನೆಗೆ.

ಹೊರಗೆ ಹೋಗುವ ಗ್ಯಾಸಿಗೆ ಬಾಗಿಲು ಹಾಕಿ, ಒಳಗೆ ಕಿಡಿ ಇಟ್ಟಿದ್ದ. ಅವನ ಮುಖ ಆಗಲೇ ಬಿಳಿಚಿಕೊಂಡಿತ್ತು. ಅವನು ಕೊನೆಯ ಸೀಟನ್ನೇ ನೋಡುತ್ತಿದ್ದ. ಸಿಲಿಂಡರಿಗೂ ಆ ಸೀಟಿಗೂ ನಡುವೆ ಒಂದು ಗೇಣು ಇರಲಿಲ್ಲ. ನಾನೂ ನೋಡಿದೆ.

ಸಿಲಿಂಡರನ್ನು ಬಿಚ್ಚತೊಡಗಿದೆ. ವಾಲ್ವು ಬದಲಾಗಿ, ಸಿಲಿಂಡರು ಪರೀಕ್ಷೆಗೆ ಹೋಗಿ ತಿರುಗಿ ಬರುವ ತನಕ ಗಾಡಿ ಗ್ಯಾಸಿನ ಮೇಲೆ ಓಡುವಂತಿಲ್ಲ ಎಂದೆ. ಅವನು ಸುಟ್ಟ ಪಂಪ ಬದಲಿಸಿ ಶುಕ್ರವಾರ ಪೆಟ್ರೋಲಿನ ಮ್ಯಾಲ ಮಿರಜಿಗೆ ಒಯ್ತೀನಿ ಎಂದಷ್ಟೇ ಹೇಳಿ, ಬಿಚ್ಚಲು ಕೈ ಹಚ್ಚಿದ.

ಬಿಸಿಲು ಇಳಿದು ತಂಪಾಗುವ ಹೊತ್ತಿಗೆ ರಾಯಬಾಗದವನ ವ್ಯಾನು ತಿರುಗಿ ಬಂತು. ತಡವಾಗಿ ಹೋದದ್ದಕ್ಕೆ ಆಸ್ಪತ್ರೆಯಲ್ಲಿ ಬೈಸಿಕೊಂಡರಂತೆ, ಆದರೂ ನಾಲ್ವರಿಗೂ ಮಷೀನು ಸಿಕ್ಕಿತ್ತು. ಡಯಾಲಿಸಿಸ್ ಆಗಿ ಬಂದವರಿಗೆ ಮೈಯಲ್ಲಿ ತ್ರಾಣವಿರುವುದಿಲ್ಲ, ಎಲ್ಲರೂ ಕಣ್ಣು ಮುಚ್ಚಿಕೊಂಡು ಒರಗಿದ್ದರು. ಹಿಂದಿನ ಸೀಟಿನಲ್ಲಿದ್ದವಳು ಮಾತ್ರ ಎಚ್ಚರವಾಗಿ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು.

ನಾನು ಹೋಗಿ ಹೇಳಿದೆ. ಗ್ಯಾಸು ವಾಲ್ವಿನಲ್ಲಿ ಸೋರುತ್ತಿತ್ತು, ಹೊರಗೆ ಹೋಗುವ ದಾರಿ ಮುಚ್ಚಿತ್ತು, ಬಳ್ಳೊಳ್ಳಿಯಂಥ ನಾತ ಆ ಗ್ಯಾಸಿನದೇ ಎಂದೆ. ನನ್ನ ಕಣ್ಣಾರೆ ಗುಳ್ಳೆ ನೋಡಿದೆ ಎಂದೆ. ಬಟ್ಟೆ ತುರುಕಿದ್ದು ಯಾರೆಂದು ನಾನು ಹೇಳಲಿಲ್ಲ. ಚಾಲಕನೇ ಮುಂದೆ ಬಂದು, ತಲೆ ತಗ್ಗಿಸಿ ನಿಂತು, ನಾನೇ ಎಂದ.

ಅವಳಿಗೆ ಅದು ಬೇಕಾಗಿರಲಿಲ್ಲ. ಅವನ ಕಡೆ ನೋಡಲೂ ಇಲ್ಲ. ಕಿಟಕಿಯ ಅಂಚು ಹಿಡಿದು, ಬಹಳ ಸಣ್ಣ ದನಿಯಲ್ಲಿ ನನ್ನನ್ನೇ ಕೇಳಿದಳು.

"ಹಂಗಾರ ನನ್ನ ಮೈ ನಾರೂದಿಲ್ಲರಿ?"

"ಇಲ್ಲ ಅಕ್ಕಾ," ಎಂದೆ. "ಯಾವತ್ತೂ ನಾರಿಲ್ಲ."

ಅವಳು ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. ನಡುವಿನ ಸೀಟಿನಲ್ಲಿದ್ದ ಆಯಿ ಬಾಗಿಲು ಹಿಡಿದು ಮೆಲ್ಲಗೆ ಇಳಿದಳು. ಯಾಕೆ ಇಳಿದಿರಿ, ಬೀಳುತ್ತೀರಿ ಎಂದು ನಾನು ಕೈ ಕೊಟ್ಟೆ. ಕೈ ಹಿಡಿದುಕೊಂಡೇ ಹಿಂದಕ್ಕೆ ಹೋಗಿ, ಆ ಹೆಣ್ಣುಮಗಳ ಪಕ್ಕದಲ್ಲಿ ಏದುಸಿರು ಬಿಡುತ್ತ ಕೂತಳು. ತಪ್ಪಾಯಿತು ಎಂದು ಆಯಿ ಹೇಳಲಿಲ್ಲ, ಹೇಳುವ ರೂಢಿಯವಳಲ್ಲ. ತನ್ನ ಶಾಲಿನ ಅರ್ಧವನ್ನು ಅವಳ ಮೊಣಕಾಲಿನ ಮೇಲೆ ಹೊದಿಸಿ, ಕಣ್ಣು ಮುಚ್ಚಿದಳು.

ರಾಯಬಾಗದವನು ಗಾಡಿ ಚಾಲು ಮಾಡಿದ. ಹೊರಡಬೇಕೆನ್ನುವಾಗ ಆ ಹೆಣ್ಣುಮಗಳು ಕಣ್ಣೊರೆಸಿಕೊಂಡು, ಕಿಟಕಿಯಿಂದ ತಲೆ ಹೊರಗೆ ಹಾಕಿ, ತನ್ನ ಹಳೆಯ ಚಾಲಕನನ್ನು ಹುಡುಕಿದಳು.

"ತಮ್ಮಾ," ಎಂದಳು, "ಶುಕ್ರವಾರ ಎಷ್ಟಕ್ಕ ತಯಾರಾಗಿರ್ಲಿ?"